ಒಂದು ಹೆಸರು, ಮೂರು ಗಿಡ: ಬ್ರಹ್ಮದಂಡೆಯ ಸಸ್ಯಲೋಕ, ಜಾನಪದ ಮತ್ತು ಚಿತ್ರ

ದಕ್ಷಿಣ ಬೆಂಗಳೂರಿನ ಪದ್ಮನಾಭನಗರವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಬಡಾವಣೆ. ಆಸುಪಾಸಿನ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಉತ್ತರಹಳ್ಳಿ, ಇಟ್ಟಮಡು ಎಂಬ ಹೆಸರುಗಳು ಇಲ್ಲಿ ಹಿಂದೆ ಊರುಗಳೂ ಹೊಲಗಳೂ ಇದ್ದುದನ್ನು ನೆನಪಿಸುತ್ತವೆ. ಹೊಲಗಳೆಲ್ಲ ಮನೆಗಳಾದ ಮೇಲೂ ಅಲ್ಲೊಂದು ಇಲ್ಲೊಂದು ಉಳಿದ ಖಾಲಿ ನಿವೇಶನದಲ್ಲಿ, ಮಣ್ಣು ಸುರಿದ ದಿಬ್ಬದಲ್ಲಿ ಹಳದಿ ಹೂವಿನ ಮುಳ್ಳುಗಿಡವೊಂದು ತಾನಾಗಿ ಹುಟ್ಟಿಕೊಳ್ಳುತ್ತದೆ. ಈ ಭಾಗದ ಕನ್ನಡದಲ್ಲಿ ಅದು ‘ದತ್ತೂರಿ’. ತಮಿಳಿನಲ್ಲಿ ‘ಪಿರಮದಂಡು’, ತೆಲುಗಿನಲ್ಲಿ ‘ಬ್ರಹ್ಮದಂಡಿ’. ಮೂರು ಭಾಷೆಗಳೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಬಡಾವಣೆಯಲ್ಲಿ ಮೂರು ಹೆಸರುಗಳೂ ಒಂದೇ ಗಿಡಕ್ಕೆ ಸಲ್ಲುತ್ತವೆ. ಆದರೆ ಕನ್ನಡದ ಸಸ್ಯಪಟ್ಟಿಗಳಲ್ಲಿ ‘ಬ್ರಹ್ಮದಂಡೆ’ ಎಂದು ದಾಖಲಾಗಿರುವುದು ಒಣನಾಡಿನ ಬೇರೆಯೇ ಒಂದು ಮುಳ್ಳುಗಿಡ. ಮರಾಠಿಯ ‘ಬ್ರಹ್ಮದಂಡಿ’ ಇವೆರಡೂ ಅಲ್ಲದ ಮೂರನೆಯದು. ಒಂದು ಹೆಸರು ಹೀಗೆ ಹಲವು ಗಿಡಗಳಿಗೆ ಹರಡಿದ ಬಗೆಯನ್ನೂ, ಅದರಿಂದ ಜಾನಪದ ಸಂಗ್ರಹಕಾರ್ಯಕ್ಕೆ ಒದಗುವ ಹೊಣೆಯನ್ನೂ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಿಡಗಳ ಪರಿಚಯ

ಕನ್ನಡದ ಬ್ರಹ್ಮದಂಡೆಯ ಶಾಸ್ತ್ರೀಯ ನಾಮ ಎಕಿನಾಪ್ಸ್ ಎಕಿನೇಟಸ್. ಇದನ್ನು ಹೆಸರಿಸಿ ವರ್ಣಿಸಿದವನು ವಿಲಿಯಂ ರಾಕ್ಸ್‌ಬರ್ಗ್. ‘ಎಕಿನಾಪ್ಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ಮುಳ್ಳಿಲಿಯಂತೆ ಕಾಣುವುದು ಎಂದರ್ಥ. ಇದು ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಸೀಳುಸೀಳಾದ ಎಲೆಯ ಅಂಚಿನಲ್ಲಿ ಮುಳ್ಳು, ಎಲೆಯ ಅಡಿಯಲ್ಲಿ ಅರಳೆಯಂಥ ಬಿಳಿ ರೋಮ, ಕಾಂಡದ ತುದಿಯಲ್ಲಿ ಚೆಂಡಿನಾಕಾರದ ಮುಳ್ಳುಗೊಂಚಲು ಇವು ಇದರ ಲಕ್ಷಣಗಳು. ದೂರದಿಂದ ಒಂದೇ ಹೂವಾಗಿ ತೋರುವ ಆ ಚೆಂಡು ವಾಸ್ತವವಾಗಿ ಒಂದೊಂದೇ ಹೂವುಳ್ಳ ಅನೇಕ ಪುಟ್ಟ ಮಂಜರಿಗಳ ಕೂಟ. ಸಂಸ್ಕೃತದಲ್ಲಿ ಇದು ‘ಉತ್ಕಂಟಕ’. ಹಿಂದಿಯಲ್ಲಿ ಇದಕ್ಕಿರುವ ‘ಊಂಟ್‌ಕಟಾರಾ’ ಎಂಬ ಹೆಸರು ಒಂಟೆಯ ಮೇವನ್ನು ಸೂಚಿಸುತ್ತದೆ.

ಮರಾಠಿಯ ಬ್ರಹ್ಮದಂಡಿಯು ಟ್ರೈಕೋಲೆಪಿಸ್ ಗ್ಲಾಬೆರಿಮಾ. ಇದೂ ಅದೇ ಕುಟುಂಬದ್ದು, ನೇರಳೆ ಹೂವಿನದು. ಹೂದಲೆಯ ಸುತ್ತ ಬಿರುಸಾದ ಕೂದಲಿನಂಥ ತೊಟ್ಟೆಲೆಗಳಿದ್ದರೂ ಇದರಲ್ಲಿ ಮುಳ್ಳಿನ ಉಗ್ರತೆ ಕಡಿಮೆ.

ದತ್ತೂರಿಯು ಇವೆರಡಕ್ಕೂ ದೂರದ್ದು. ಆರ್ಜಿಮೋನ್ ಮೆಕ್ಸಿಕಾನಾ ಎಂಬ ಈ ಸಸ್ಯ ಅಫೀಮಿನ ಗಿಡದ ಕುಟುಂಬಕ್ಕೆ ಸೇರಿದ್ದು. ಹೆಸರೇ ಹೇಳುವಂತೆ ಅಮೆರಿಕ ಖಂಡದ ಮೂಲದ್ದು. ಬಿಳಿ ನರಗಳುಳ್ಳ ಮುಳ್ಳೆಲೆ, ಹಳದಿ ದಳ, ಮುರಿದರೆ ಒಸರುವ ಅರಿಶಿನ ಬಣ್ಣದ ಹಾಲು, ತುದಿಯಲ್ಲಿ ಬಾಯ್ತೆರೆಯುವ ಮುಳ್ಳುಕಾಯಿ, ಅದರೊಳಗೆ ಸಾಸಿವೆಯನ್ನು ಹೋಲುವ ಕಪ್ಪು ಬೀಜ ಇವುಗಳಿಂದ ಇದನ್ನು ಗುರುತಿಸಬಹುದು.

ಹೆಸರು ಹರಡಿದ ಬಗೆ

ಅಮೆರಿಕದ ಗಿಡವೊಂದು ಭಾರತಕ್ಕೆ ಬಂದುದು ಯುರೋಪಿಯನ್ನರ ಸಮುದ್ರಯಾನಗಳ ತರುವಾಯವೇ ಆಗಿರಬೇಕು. ಆದ್ದರಿಂದ ಇಂದು ಈ ಗಿಡಕ್ಕೆ ಸಲ್ಲುತ್ತಿರುವ ‘ಸ್ವರ್ಣಕ್ಷೀರಿ’ ಎಂಬ ಸಂಸ್ಕೃತ ನಾಮವು ಪ್ರಾಚೀನ ವೈದ್ಯಗ್ರಂಥಗಳಲ್ಲಿ ಬಂದಾಗ ಅದು ಇದೇ ಗಿಡವಾಗಿರಲು ಸಾಧ್ಯವಿಲ್ಲ. ಹೊಸದಾಗಿ ಬಂದ ಗಿಡಕ್ಕೆ ಜನ ಹೊಸ ಹೆಸರನ್ನು ಕಟ್ಟಲಿಲ್ಲ. ಇದ್ದ ಹೆಸರನ್ನೇ ವಿಸ್ತರಿಸಿದರು. ಹಾಲಿನ ಬಣ್ಣ ಕಂಡವರು ಸ್ವರ್ಣಕ್ಷೀರಿ ಎಂದರು. ಮುಳ್ಳುಕಾಯಿ ಕಂಡವರು ಉಮ್ಮತ್ತಿ ಅಥವಾ ದತ್ತೂರವನ್ನು ನೆನೆದು ದತ್ತೂರಿ, ಅರಿಶಿನ ಉಮ್ಮತ್ತಿ ಎಂದರು. ನೆಟ್ಟಗೆ ನಿಂತ ಮುಳ್ಳುಕಾಂಡ ಕಂಡವರಿಗೆ ಅದು ಬ್ರಹ್ಮನ ದಂಡವಾಯಿತು.

ಇದರಿಂದ ತಿಳಿಯುವುದೇನೆಂದರೆ, ಜನಪದರ ಸಸ್ಯನಾಮವು ಬಹಳಷ್ಟು ಸಲ ಲಕ್ಷಣನಾಮ. ಅದು ಗಿಡದ ಜಾತಿಗಿಂತ ಅದರ ಒಂದು ಗುಣವನ್ನು ಹಿಡಿಯುತ್ತದೆ. ಇದನ್ನು ತಪ್ಪೆಂದು ಭಾವಿಸಬೇಕಾಗಿಲ್ಲ. ಗಿಡವನ್ನು ಕಣ್ಣೆದುರಿಗೆ ಇರಿಸಿಕೊಂಡು ಮಾತನಾಡುವ ಸಮುದಾಯದೊಳಗೆ ಆ ಹೆಸರು ಸಂಪೂರ್ಣ ಸಮರ್ಥ. ತೊಡಕು ಹುಟ್ಟುವುದು ಹೆಸರು ಗಿಡವನ್ನು ಬಿಟ್ಟು ಪುಸ್ತಕಕ್ಕೆ ಬಂದಾಗ.

ಮುಳ್ಳಿನ ಜಾನಪದ

ಮುಳ್ಳು ಜನಪದರ ದೃಷ್ಟಿಯಲ್ಲಿ ಏಕಕಾಲಕ್ಕೆ ಬಾಧೆಯೂ ಹೌದು, ರಕ್ಷೆಯೂ ಹೌದು. ಸೆರಗು ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಸೆರಗಿನ ಮೇಲೆ ಬಿದ್ದರೂ ಹರಿಯುವುದು ಸೆರಗೇ ಎಂಬ ಗಾದೆಯಲ್ಲಿ ಅದು ಬಾಧೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯಲ್ಲಿ ಅದೇ ಉಪಾಯ. ಕುರಿರೊಪ್ಪದ ಸುತ್ತ ಹಾಕುವ ಮುಳ್ಳುಬೇಲಿಯಲ್ಲಿ ಅದು ಕಾವಲು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತೇದೇವರ ಜಾತ್ರೆಯಲ್ಲಿ ಈ ಕಾವಲು ಪವಿತ್ರತೆಯ ಮಟ್ಟಕ್ಕೇರುತ್ತದೆ. ಅಲ್ಲಿ ಬಾರೆಮುಳ್ಳಿನಿಂದ ಗುಡಿಯನ್ನು ಕಟ್ಟುತ್ತಾರೆ; ಹರಕೆ ಹೊತ್ತ ಯುವಕರು ಬರಿಗಾಲಿನಲ್ಲಿ ಆ ಮುಳ್ಳಿನ ಮೇಲೇರಿ ಕಳಶವನ್ನು ಇಳಿಸುತ್ತಾರೆ. ನಗರದ ಮನೆಗಳಲ್ಲಿಯೂ ಈ ನಂಬಿಕೆಯ ಎಳೆ ಕಡಿದಿಲ್ಲ. ದೃಷ್ಟಿ ತಾಗದಿರಲೆಂದು ಅಂಚಿನಲ್ಲಿ ಮುಳ್ಳುಳ್ಳ ಲೋಳೆಸರವನ್ನು ಬೇರುಸಹಿತ ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವುದು ಬೆಂಗಳೂರಿನ ಬಡಾವಣೆಗಳಲ್ಲಿ ಸಾಮಾನ್ಯ ನೋಟ.

ಬ್ರಹ್ಮದಂಡೆಯ ಯುರೋಪಿಯನ್ ಬಂಧುವಿನ ವಿಷಯದಲ್ಲಿಯೂ ಇಂಥದೇ ಆಚರಣೆಯಿರುವುದು ಗಮನಾರ್ಹ. ಅದೇ ಉಪಕುಟುಂಬದ ಕಾರ್ಲಿನಾ ಎಂಬ ಮುಳ್ಳುಗಿಡ ಮಧ್ಯ ಮತ್ತು ದಕ್ಷಿಣ ಯುರೋಪಿನ ಬೆಟ್ಟಗಳಲ್ಲಿ ನೆಲಕ್ಕಂಟಿಕೊಂಡು ಬೆಳೆಯುತ್ತದೆ. ಹೂವಿನ ಸುತ್ತಲಿನ ಬೆಳ್ಳಿಬಣ್ಣದ ಒಣ ತೊಟ್ಟೆಲೆಗಳು ಗಾಳಿಯಲ್ಲಿ ತೇವ ಹೆಚ್ಚಿದಾಗ ಮುಚ್ಚಿಕೊಳ್ಳುತ್ತವೆ, ಒಣಹವೆಯಲ್ಲಿ ತೆರೆದುಕೊಳ್ಳುತ್ತವೆ. ಕಿತ್ತು ಒಣಗಿಸಿದ ಮೇಲೂ ಈ ಗುಣ ಉಳಿಯುವುದರಿಂದ ಜನ ಅದನ್ನು ಮಳೆಯ ಮುನ್ಸೂಚನೆಗಾಗಿ ಮನೆಯಲ್ಲಿ ತೂಗುಹಾಕುತ್ತಿದ್ದರು. ಬಾಸ್ಕ್ ಜನರು ಈ ವರ್ಗದ ಒಂದು ಗಿಡವನ್ನು ‘ಎಗುಸ್ಕಿಲೋರೆ’, ಅಂದರೆ ಸೂರ್ಯಪುಷ್ಪ, ಎಂದು ಕರೆದು ಬಾಗಿಲಿಗೆ ಕಟ್ಟುತ್ತಾರೆ. ಷಾರ್ಲ್‌ಮೇನ್ ದೊರೆಯ ಸೈನ್ಯಕ್ಕೆ ಪಿಡುಗು ತಗುಲಿದಾಗ ದೇವದೂತನೊಬ್ಬ ಈ ಗಿಡವನ್ನು ತೋರಿದನೆಂಬ ಐತಿಹ್ಯದಿಂದ ಕಾರ್ಲಿನಾ ಎಂಬ ಹೆಸರನ್ನು ವಿವರಿಸುವುದುಂಟು. ಆದರೆ ಮೆಡಿಟರೇನಿಯನ್ ತೀರದಲ್ಲಿ ಕಾರ್ಲಿನಾ ಗಮ್ಮಿಫೆರಾ ಎಂದೂ ಕರೆಯಲಾಗುವ ಇನ್ನೊಂದು ಮುಳ್ಳುಗಿಡವಿದೆ. ಅದರ ಬೇರು ಮಾರಕ ವಿಷ. ತಿನ್ನಬಹುದಾದ ಮುಳ್ಳುಗಿಡವೆಂದು ಭ್ರಮಿಸಿ ಅದನ್ನು ಸೇವಿಸಿ ಜನ ಸತ್ತ ನಿದರ್ಶನಗಳಿವೆ. ಹೋಲಿಕೆಯಿಂದ ಮೋಸಹೋಗುವ ಅಪಾಯ ಒಂದು ನಾಡಿಗೆ ಸೀಮಿತವಾದುದಲ್ಲ.

ಹೆಸರು ತಪ್ಪಿದರೆ

ಕರ್ನಾಟಕದ ಸಂದರ್ಭದಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಭಾರತದ ಹಲವೆಡೆ ಎಕಿನಾಪ್ಸ್‌ನ ಬೇರನ್ನು ಸುಲಭ ಪ್ರಸವಕ್ಕೆ ಮತ್ತಿತರ ಉಪಚಾರಗಳಿಗೆ ಬಳಸುವ ರೂಢಿ ದಾಖಲಾಗಿದೆ. ಒಂದು ಸಂಗ್ರಹದಲ್ಲಿ ‘ಬ್ರಹ್ಮದಂಡಿಯನ್ನು ಅರೆದು ಕೊಡುವುದು’ ಎಂದಷ್ಟೇ ಅಚ್ಚಾದರೆ, ಪದ್ಮನಾಭನಗರದ ಓದುಗ ಹಿತ್ತಿಲಾಚೆಯ ದತ್ತೂರಿಯತ್ತ ಕೈಚಾಚುವ ಸಂಭವವಿದೆ. ದತ್ತೂರಿಯ ಬೀಜದ ಎಣ್ಣೆಯಲ್ಲಿ ಸ್ಯಾಂಗ್ವಿನರಿನ್ ಮೊದಲಾದ ವಿಷಕ್ಷಾರಗಳಿವೆ. ಸಾಸಿವೆ ಎಣ್ಣೆಯಲ್ಲಿ ಅದು ಬೆರೆತಾಗ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ. ಕಾಲು ಬಾತು, ಹೃದಯ ಸೋಲುತ್ತದೆ. ಕಣ್ಣಿನ ಒತ್ತಡ ಏರುತ್ತದೆ. 1877ರಲ್ಲಿ ಕಲ್ಕತ್ತಾದಿಂದ ವರದಿಯಾದ ಈ ರೋಗ 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಈ ಗಿಡದ ಹಳದಿ ಹಾಲನ್ನು ಕಣ್ಣಿನ ಮದ್ದೆಂದು ಬಳಸಿರುವುದೂ ಉಂಟು. ಆರ್ಜಿಮೋನ್ ಎಂಬ ಪದದ ಗ್ರೀಕ್ ಮೂಲದ ಅರ್ಥವೂ ಕಣ್ಣಿನ ಬಿಳಿಮಚ್ಚೆಗೆ ಸಂಬಂಧಿಸಿದ್ದು. ಕಣ್ಣಿಗೆ ಹಾನಿ ಮಾಡಬಲ್ಲ ಗಿಡ ಕಣ್ಣಿನ ಮದ್ದೆನಿಸಿಕೊಂಡಿರುವುದು ವಿಪರ್ಯಾಸವೇ ಸರಿ.

ಚಿತ್ರದ ಪಾತ್ರ

ಹೆಸರು ನಿಲ್ಲಿಸಲಾರದ ಗುರುತನ್ನು ಚಿತ್ರ ನಿಲ್ಲಿಸಬಲ್ಲುದು. ಸಸ್ಯಚಿತ್ರವು ಅಲಂಕಾರಕ್ಕಾಗಿ ಬರೆದ ಹೂವಿನ ಚಿತ್ರವಲ್ಲ. ಗಿಡದ ನಿಲುವು, ಎಲೆಯ ಎರಡೂ ಮುಖ, ಸೀಳಿದ ಹೂವು, ಕಾಯಿ, ಬೀಜ, ಅಳತೆ ಇವಿಷ್ಟನ್ನು ಒಂದೇ ಹಾಳೆಯಲ್ಲಿ ಕೊಡುವುದು ಅದರ ಕ್ರಮ. ಎಲೆಯಡಿಯ ಬಿಳಿ ರೋಮವನ್ನೂ ಮುಳ್ಳುಕಾಯಿಯ ಬಾಯನ್ನೂ ಕಂಡವನು ಬ್ರಹ್ಮದಂಡೆ ಮತ್ತು ದತ್ತೂರಿಗಳನ್ನು ಎಂದೂ ಬೆರೆಸಲಾರ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಚಿತ್ರದೊಂದಿಗೆ ದೇಶೀಯ ಹೆಸರುಗಳನ್ನು ದೇಶೀಯ ಲಿಪಿಗಳಲ್ಲಿಯೇ ಕೊಟ್ಟು ಈ ಕ್ರಮಕ್ಕೆ ಮೇಲ್ಪಂಕ್ತಿ ಹಾಕಿತು.

ಕನ್ನಡನಾಡಿನಲ್ಲಿಯೂ ಈ ಪರಂಪರೆ ದುರ್ಬಲವಾದುದಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಮರಾಠಿ ಚಿತ್ರಕಾರನೊಬ್ಬನಿಂದ ಸುತ್ತಲಿನ ಗಿಡಗಳನ್ನು ಬರೆಯಿಸಿದನು. ಆ ಸಂಗ್ರಹ ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿದೆ. ಭಾರತದ ಬೇಲಿಗಿಡಗಳನ್ನು ಕುರಿತು ಆತ ಪ್ರತ್ಯೇಕ ಪ್ರಬಂಧವನ್ನೂ ಬರೆದನೆಂಬುದು ಮುಳ್ಳುಗಿಡಗಳ ಅಧ್ಯಯನದಲ್ಲಿ ಉಲ್ಲೇಖನೀಯ. ಪದ್ಮನಾಭನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಲಾಲ್‌ಬಾಗ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಚೆಲುವಯ್ಯ ರಾಜು ಅವರು ಸಸ್ಯಚಿತ್ರಗಳನ್ನು ರಚಿಸಿದರು. ಮುಂದೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರ, ಸಾಹಿತ್ಯ ಮತ್ತು ಗೆರೆಚಿತ್ರ ಮೂರನ್ನೂ ಒಂದುಗೂಡಿಸಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು.

ಉಪಸಂಹಾರ

ಕನ್ನಡದ ಜಾನಪದ ಸಂಗ್ರಹಗಳು ಹಾಡು, ಕಥೆ, ಗಾದೆಗಳ ವಿಷಯದಲ್ಲಿ ಪಾಠದ ನಿಖರತೆಗೆ ಒತ್ತುಕೊಟ್ಟಿವೆ; ಹಾಡಿದವರ ಹೆಸರು, ಊರು, ಸಂದರ್ಭಗಳನ್ನು ನಮೂದಿಸುವ ಶಿಸ್ತು ಬೆಳೆದಿದೆ. ಅದೇ ಶಿಸ್ತು ಸಸ್ಯನಾಮಕ್ಕೂ ಸಲ್ಲಬೇಕು. ವಕ್ತೃ ತೋರಿಸಿದ ಗಿಡದ ಒಣಗಿಸಿದ ಮಾದರಿ, ಒಂದು ಗೆರೆಚಿತ್ರ ಅಥವಾ ಛಾಯಾಚಿತ್ರ, ಊರಿನ ಹೆಸರು, ಆ ಗಿಡಕ್ಕೆ ಅಲ್ಲಿರುವ ಎಲ್ಲ ಹೆಸರುಗಳು ಇವು ಸಂಗ್ರಹದ ಅಂಗವಾಗಬೇಕು. ಮಾದರಿಯನ್ನು ವಿಶ್ವವಿದ್ಯಾಲಯದ ಸಸ್ಯಸಂಗ್ರಹಾಲಯವೊಂದರಲ್ಲಿ ಇರಿಸಿ, ಅದರ ಸಂಖ್ಯೆಯನ್ನು ಪಾಠದೊಡನೆ ಅಚ್ಚು ಮಾಡುವುದು ಕಷ್ಟದ ಕೆಲಸವಲ್ಲ. ಇದಕ್ಕೆ ಜಾನಪದ ವಿದ್ವಾಂಸ, ಸಸ್ಯಶಾಸ್ತ್ರಜ್ಞ ಮತ್ತು ಚಿತ್ರಕಾರ ಒಂದೇ ಗಿಡದ ಮುಂದೆ ಕೂರಬೇಕಷ್ಟೆ.

ಹಿತ್ತಿಲ ಗಿಡವನ್ನು ಬಲ್ಲ ಹಿರಿಯರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಖಾಲಿ ನಿವೇಶನಗಳೂ ಕಡಿಮೆಯಾಗುತ್ತಿವೆ. ಗಿಡವನ್ನು ತೋರಿಸಿ ‘ಇದೇ’ ಎಂದು ಹೇಳಬಲ್ಲವರು ಇರುವಾಗಲೇ ಆ ‘ಇದೇ’ ಎಂಬ ಮಾತನ್ನು ಮಾದರಿಯಲ್ಲಿ, ಚಿತ್ರದಲ್ಲಿ ಹಿಡಿದಿಡಬೇಕಾಗಿದೆ. ಇಲ್ಲವಾದರೆ ಬ್ರಹ್ಮದಂಡೆ ಎಂಬ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಅದು ಮದ್ದಿನ ಹೆಸರೋ ವಿಷದ ಹೆಸರೋ ಎಂಬುದನ್ನು ಹೇಳುವವರು ಮಾತ್ರ ಇರುವುದಿಲ್ಲ.