ಹಳೆಯ ಗಾಡಿಗೆ ಅದರದ್ದೇ ಬಣ್ಣ

ನಮ್ಮ ಹಾಸನದ ಕಡೆ ಇವತ್ತಿಗೂ ಕೆಲವು ಮನೆಗಳ ಕೊಟ್ಟಿಗೆಯಲ್ಲೋ ಹಿತ್ತಲಿನ ಮೂಲೆಯಲ್ಲೋ ಒಂದು ಹಳೆಯ ಜಾವಾ ಅಥವಾ ಯೆಜ್ಡಿ ಗಾಡಿ ಗೋಣಿಚೀಲ ಹೊದ್ದು ನಿಂತಿರುತ್ತದೆ. ಅಜ್ಜನೋ ದೊಡ್ಡಪ್ಪನೋ ಓಡಿಸಿದ್ದು. ಈಗ ಹಳೆಯ ಗಾಡಿಗಳ ಮೇಲೆ ಮತ್ತೆ ಪ್ರೀತಿ ಹುಟ್ಟಿದೆ. "ರೆಡಿ ಮಾಡಿಸೋಣ" ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವುದು ಹಳೆಯ ಬಣ್ಣ ಕೆರೆದು ಹೊಳೆಯುವ ಹೊಸ ಬಣ್ಣ ಹೊಡೆಸುವುದು. ಎಂಜಿನ್ನಿನ ಭಾಗ ಕೆಟ್ಟರೆ ಹುಡುಕಿ ಇನ್ನೊಂದು ತರಬಹುದು. ಕಾರ್ಖಾನೆಯಲ್ಲಿ ಬಳಿದ ಬಣ್ಣ ಒಮ್ಮೆ ಹೋದರೆ ಹೋಯಿತು. ಆದ್ದರಿಂದ ಉಪ್ಪು ಕಾಗದ ಕೈಗೆತ್ತಿಕೊಳ್ಳುವ ಮುಂಚೆ ಕೆಲವು ವಿಷಯ ತಿಳಿದಿರಬೇಕು.

ಮೈಸೂರಿನ ಗಾಡಿ

ಜಾವಾ ಮೂಲತಃ ಜೆಕ್ ದೇಶದ್ದು. ಜನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಈ ಗಾಡಿಗಳನ್ನು ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಳೆಯ ಜಾವಾ ಎಂದೊಡನೆ ಕಣ್ಣಿಗೆ ಬರುವುದು ಕಡುಗೆಂಪು ಮೈ, ಟ್ಯಾಂಕಿನ ಎರಡೂ ಬದಿಯಲ್ಲಿ ಕ್ರೋಮಿಯಂ ಹೊಳಪು, ಅಂಚಿನುದ್ದಕ್ಕೂ ಹೊಂಬಣ್ಣದ ಒಂದು ಸಣ್ಣ ಗೆರೆ. ಅದೇ ಗಾಡಿಗೆ ಇಂದಿನ ಮೆಟಾಲಿಕ್ ಬಣ್ಣ ಹೊಡೆದರೆ ನೋಡಲು ಚೆನ್ನಾಗಿ ಕಾಣಬಹುದು, ಆದರೆ ಅದು ಮೈಸೂರಿನಿಂದ ಹೊರಬಂದ ಗಾಡಿಯಂತೆ ಕಾಣುವುದಿಲ್ಲ.

ನಮ್ಮ ಕೊರವಂಗಲದ ಬೂಚೇಶ್ವರ ದೇವಾಲಯವನ್ನೇ ನೆನೆಯಿರಿ. ಹೊಯ್ಸಳರ ಕಾಲದ ಆ ಬಳಪದ ಕಲ್ಲಿನ ಕೆತ್ತನೆಗೆ ಯಾರಾದರೂ ಇಂದಿನ ಎನಾಮಲ್ ಬಳಿದು "ಹೊಸದು ಮಾಡಿದೆವು" ಎಂದರೆ ಒಪ್ಪುತ್ತೇವೆಯೇ? ಗಾಡಿಯ ವಯಸ್ಸು ಚಿಕ್ಕದು, ಪ್ರಶ್ನೆ ಮಾತ್ರ ಅದೇ.

ಬಣ್ಣದ ರಸಾಯನಶಾಸ್ತ್ರ

ಬಣ್ಣವೆಂದರೆ ಕೆಂಪು, ನೀಲಿ ಎಂಬ ಹೆಸರಷ್ಟೇ ಅಲ್ಲ. ಅದು ಹೇಗೆ ಒಣಗುತ್ತದೆ ಎಂಬುದೂ ಮುಖ್ಯ. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ತನ್ನ 'ಮಾಡೆಲ್ ಟಿ' ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಕೊಟ್ಟಿತು. ಆಗಿನ ಬೇರೆ ವಾರ್ನಿಷ್ ಬಣ್ಣಗಳು ಪದರ ಪದರವಾಗಿ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ 'ಡ್ಯೂಕೋ' ಎಂಬ ಹೊಸ ಬಣ್ಣ ತಂದಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕೇಳಿಬರುವ 'ಡ್ಯೂಕೋ ಪೇಂಟ್' ಎಂಬ ಮಾತು ಅಲ್ಲಿಂದ ಬಂದದ್ದು.

ಡ್ಯೂಕೋ ಎಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಹತ್ತಿಯಲ್ಲಿರುವ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದೊಡನೆ ವರ್ತಿಸುವಂತೆ ಮಾಡಿ ಪಡೆಯುವ ವಸ್ತು ಇದು. ಇಲ್ಲಿ ದ್ರಾವಕ ಆರಿಹೋದರೆ ಬಣ್ಣ ಗಟ್ಟಿಯಾಗುತ್ತದೆ, ಬೇರೆ ಕ್ರಿಯೆ ನಡೆಯುವುದಿಲ್ಲ. ಆದ್ದರಿಂದ ಮತ್ತೆ ತಿನ್ನರ್ ತಾಗಿದರೆ ಅದು ಕರಗುತ್ತದೆ. ಎನಾಮಲ್ ಹಾಗಲ್ಲ. ಅದು ಗಾಳಿಯ ಆಮ್ಲಜನಕದಿಂದ ಅಥವಾ ಓವನ್ನಿನ ಬಿಸಿಯಿಂದ ಅಣುಗಳು ಪರಸ್ಪರ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಇಂದಿನ ಟೂ-ಪ್ಯಾಕ್ ಪಾಲಿಯುರಿಥೇನ್ ಬಣ್ಣಕ್ಕೆ ಹಾರ್ಡನರ್ ಬೆರೆಸುತ್ತಾರೆ, ಅದೂ ರಾಸಾಯನಿಕ ಕ್ರಿಯೆಯಿಂದಲೇ ಗಟ್ಟಿಯಾಗುತ್ತದೆ. ಪಾಲಿಮರ್ ಪಾಠದಲ್ಲಿ ಓದುವ ಅಡ್ಡ ಬಂಧಗಳು ಇವೇ.

ಹೀಗಾಗಿ ಒಂದು ಸುಲಭ ಪರೀಕ್ಷೆ ಇದೆ. ಹತ್ತಿಗೆ ಸ್ವಲ್ಪ ತಿನ್ನರ್ ಅದ್ದಿ, ಕಣ್ಣಿಗೆ ಬೀಳದ ಜಾಗದಲ್ಲಿ ಉಜ್ಜಿ. ಬಣ್ಣ ಕರಗಿ ಹತ್ತಿಗೆ ಹತ್ತಿದರೆ ಹೆಚ್ಚಾಗಿ ಅದು ಲ್ಯಾಕರ್. ಸುಕ್ಕುಗಟ್ಟಿದರೆ ಎನಾಮಲ್ ಇರಬಹುದು. ಏನೂ ಆಗದಿದ್ದರೆ ಚೆನ್ನಾಗಿ ಬೇಯಿಸಿದ ಎನಾಮಲ್ ಅಥವಾ ಟೂ-ಪ್ಯಾಕ್. ಇದನ್ನು ತಿಳಿಯದೆ ಹಳೆಯ ಎನಾಮಲ್ ಮೇಲೆ ನೇರವಾಗಿ ಲ್ಯಾಕರ್ ಹೊಡೆದರೆ, ಅದರ ತಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿಬಿಡುತ್ತದೆ.

ಮೂಲ ಬಣ್ಣ ಹುಡುಕುವುದು

ಹೊರಗೆ ಕಾಣುವ ಬಣ್ಣವನ್ನು ನಂಬಬಾರದು. ಬಿಸಿಲಿಗೆ ಕೆಂಪು ಮಾಸುತ್ತದೆ. ನಡುವೆ ಯಾರೋ ಬೇರೆ ಬಣ್ಣ ಹೊಡೆಸಿರಬಹುದು. ಮೊದಲು ಹಳೆಯ ಆರ್‌ಸಿ ಪುಸ್ತಕ ತೆಗೆದು ಬಣ್ಣದ ಕಾಲಂ ನೋಡಿ. ಬಳಿಕ ಬಿಸಿಲು ತಾಗದ ಜಾಗಗಳನ್ನು ಹುಡುಕಿ: ಸೀಟಿನ ಕೆಳಗೆ, ಟ್ಯಾಂಕಿನ ತಳ, ಟೂಲ್ ಬಾಕ್ಸಿನ ಒಳಗೆ, ನಂಬರ್ ಪ್ಲೇಟಿನ ಹಿಂದೆ. ಒಂದು ಕಡೆ ನಾಲ್ಕಾಣೆಯಷ್ಟು ಅಗಲ ಜಾಗವನ್ನು ನುಣುಪು ವಾಟರ್ ಪೇಪರಿನಿಂದ ನೀರು ಹಾಕಿ ನಿಧಾನವಾಗಿ ತಿಕ್ಕಿ. ಕಡಿದ ಮರದ ಬುಡದಲ್ಲಿ ಕಾಣುವಂತೆ ಉಂಗುರಗಳು ಮೂಡುತ್ತವೆ. ನಡುವಿನದು ಲೋಹ, ಅದರ ಸುತ್ತ ಪ್ರೈಮರ್, ಅದಕ್ಕೆ ತಾಗಿದ್ದು ಕಾರ್ಖಾನೆಯ ಬಣ್ಣ, ಹೊರಗಿನವು ಆಮೇಲೆ ಬಂದವು.

ಆ ಬಣ್ಣಕ್ಕೆ ಸರಿಯಾಗಿ ಹೊಂದುವ ಬಣ್ಣ ಬೆರೆಸಲು ದೊಡ್ಡ ಪೇಂಟ್ ಅಂಗಡಿಗಳಲ್ಲಿ ಬೆಳಕು ಅಳೆಯುವ ಯಂತ್ರಗಳಿವೆ. ಆದರೂ ಮಾದರಿಯನ್ನು ಟ್ಯೂಬ್‌ಲೈಟಿನಲ್ಲೂ ಬಿಸಿಲಿನಲ್ಲೂ ನೋಡಬೇಕು. ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಥರ ಕಂಡು ಇನ್ನೊಂದರಲ್ಲಿ ಬೇರೆ ಕಾಣುವುದುಂಟು. ಜವಳಿ ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ನೋಡುವುದು ಇದಕ್ಕೇ.

ಹೊಳಪು ಹೆಚ್ಚಾದರೂ ತಪ್ಪು

ಹಳೆಯ ಕಾರ್ಖಾನೆಗಳ ಬಣ್ಣ ಕನ್ನಡಿಯಂತೆ ಇರುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿ ಕಾಣುತ್ತಿತ್ತು. ಕಣ್ಣಿಗೆ ಬೀಳದ ಭಾಗಗಳಿಗೆ ಅಷ್ಟು ಪಾಲಿಶ್ ಇರುತ್ತಿರಲಿಲ್ಲ. ಕೈಯಲ್ಲಿ ಕುಂಚ ಹಿಡಿದು ಎಳೆದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುತ್ತದೆ. ಈಗ ಅಂಟಿಸುವ ಸ್ಟಿಕ್ಕರ್ ಗೆರೆ ಉದ್ದಕ್ಕೂ ಒಂದೇ ಸಮ. ತಿಳಿದವರು ಅಲ್ಲೇ ಗುರುತಿಸುತ್ತಾರೆ. ಹೊಸ ಬಣ್ಣಕ್ಕಿಂತ ಮಾಸಿದ ಮೂಲ ಬಣ್ಣಕ್ಕೇ ಬೆಲೆ ಕೊಡುವ ಸಂಗ್ರಾಹಕರು ಬಹಳ. ತೊಳೆದು, ಹಗುರವಾಗಿ ಪಾಲಿಶ್ ಮಾಡಿ, ಮೇಣ ಹಚ್ಚಿದರೆ ಸಾಕಾಗುವ ಗಾಡಿಯನ್ನು ಕೆರೆಯಲೇಬಾರದು.

ಇದಕ್ಕೆ ಕಾನೂನಿನ ಮುಖವೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಅವುಗಳ ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಬಣ್ಣ ಬದಲಿಸುವುದಾದರೆ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ಸೇರಿಸಬೇಕು.

ಉಸಿರಿನ ಎಚ್ಚರ

ನಮ್ಮ ಅನೇಕ ಸಹಪಾಠಿಗಳ ಮನೆಯವರು ಟಿಂಕರಿಂಗ್, ಪೇಂಟಿಂಗ್ ಕೆಲಸದಲ್ಲಿದ್ದಾರೆ. ರಜೆಯಲ್ಲಿ ಅವರ ಜೊತೆ ಕೈಜೋಡಿಸುವವರೂ ಇದ್ದಾರೆ. ಹಳೆಯ ಬಣ್ಣ, ಪ್ರೈಮರುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣದಾಗಿ ಉಜ್ಜಿದರೆ ಆ ಧೂಳು ಶ್ವಾಸಕೋಶಕ್ಕೂ, ಬಟ್ಟೆಯ ಮೂಲಕ ಮನೆಯ ಚಿಕ್ಕ ಮಕ್ಕಳಿಗೂ ತಲುಪುತ್ತದೆ. ನೀರು ಹಾಕಿಯೇ ತಿಕ್ಕಬೇಕು. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ಕೆಲಸದ ಬಟ್ಟೆ ಬೇರೆ ಒಗೆಯಬೇಕು. ಟೂ-ಪ್ಯಾಕ್ ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಗಟ್ಟಿಮುಟ್ಟಾದ ಮನುಷ್ಯನಿಗೂ ಆಸ್ತಮಾ ತರಬಲ್ಲದು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಅದನ್ನು ಸ್ಪ್ರೇ ಮಾಡಲು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಮತ್ತು ಸರಿಯಾದ ಬೂತ್ ಬೇಕು. ಅವು ಇಲ್ಲದ ಕಡೆ ಆ ಕೆಲಸಕ್ಕೆ ನಿಲ್ಲಬೇಡಿ, ತಮ್ಮನನ್ನೂ ನಿಲ್ಲಿಸಬೇಡಿ. ಖಾಲಿ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದ ಆವಿಯೂ ಕಿಡಿ ತಾಗಿದರೆ ಸಿಡಿಯುತ್ತದೆ ಎಂಬುದು ನೆನಪಿರಲಿ.

ಮನೆಯಲ್ಲಿ ಅಂಥ ಗಾಡಿ ಇದ್ದರೆ ಈ ಭಾನುವಾರ ಗೋಣಿಚೀಲ ಸರಿಸಿ, ಹಗಲು ಬೆಳಕಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಸೀಟಿನ ಕೆಳಗಿನ ಬಣ್ಣ ನೋಡಿ ಬರೆದಿಡಿ. ಓಡಿಸಿದ ಹಿರಿಯರು ಇದ್ದರೆ "ಆಗ ಯಾವ ಬಣ್ಣ ಇತ್ತು, ಯಾವಾಗ ಬದಲಾಯಿತು" ಎಂದು ಕೇಳಿ. ಮೈಸೂರು ಪ್ರವಾಸಕ್ಕೆ ಹೋದಾಗ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯದಲ್ಲಿ ಹಳೆಯ ವಾಹನಗಳ ಬಣ್ಣ, ಗೆರೆಗಳನ್ನು ಹತ್ತಿರದಿಂದ ನೋಡಿ ಬನ್ನಿ. ಕೊನೆಗೆ ಹೊಸ ಬಣ್ಣ ಹೊಡೆಸಲೇಬೇಕಾಗಿ ಬಂದರೂ ಟೂಲ್ ಬಾಕ್ಸಿನ ಒಳಬದಿಯನ್ನು ಮಾತ್ರ ಹಾಗೇ ಬಿಡಿಸಿ. ಮುಂದೆ ಆ ಗಾಡಿಯನ್ನು ಸರಿಪಡಿಸುವವರಿಗೆ ಮೂಲ ಬಣ್ಣ ಅಲ್ಲಿ ಸಿಗುತ್ತದೆ.