ಮಗ ಟ್ರ್ಯಾಕ್ ಡೇಗೆ ಹೊರಟನೇ? ಬೇಡ ಅನ್ನುವ ಮುನ್ನ...

‘ಅಮ್ಮಾ, ಮುಂದಿನ ವಾರ ಬೈಕ್ ತಗೊಂಡು ಚೆನ್ನೈಗೆ ಹೋಗ್ತೀನಿ. ಟ್ರ್ಯಾಕ್ ಡೇ ಇದೆ’ ಎಂದು ಮಗ ಹೇಳಿದರೆ ಎದೆ ಧಸಕ್ ಅನ್ನುವುದು ಸಹಜ. ‘ರೇಸಾ? ಕೈಕಾಲು ಮುರ್ಕೊಳ್ಳೋಕಾ? ಸುಮ್ನೆ ಮನೇಲಿರು’ ಎಂಬ ಮಾತು ತಾನಾಗೇ ಬಾಯಿಗೆ ಬರುತ್ತದೆ. ಅವನು ಮುಖ ಊದಿಸಿಕೊಳ್ಳುತ್ತಾನೆ. ಮುಂದಿನ ಸಲ ನಿಮಗೆ ಹೇಳದೆಯೇ ಹೋಗುತ್ತಾನೆ! ಅದರ ಬದಲು ಇದೇನೆಂದು ತಿಳಿದುಕೊಂಡು, ಆಮೇಲೆ ಹೂಂ ಅನ್ನಿ ಅಥವಾ ಉಹೂಂ ಅನ್ನಿ.

ಇದು ರೇಸ್ ಅಲ್ಲ

ಟ್ರ್ಯಾಕ್ ಡೇಯಲ್ಲಿ ಸ್ಪರ್ಧೆಯಿಲ್ಲ, ಕಪ್ಪೂ ಇಲ್ಲ. ರೇಸ್ ಟ್ರ್ಯಾಕನ್ನು ಬಾಡಿಗೆಗೆ ಪಡೆದ ಸಂಘಟಕರು, ಶುಲ್ಕ ಕಟ್ಟಿದವರಿಗೆ ಅಲ್ಲಿ ಬೈಕ್ ಓಡಿಸಲು ಬಿಡುತ್ತಾರೆ. ಹೊಸಬರು, ಅನುಭವಿಗಳು ಎಂದು ಗುಂಪು ಮಾಡಿ, ಸಾಮಾನ್ಯವಾಗಿ 15–20 ನಿಮಿಷಗಳ ಸರದಿಯಲ್ಲಿ ಒಳಗೆ ಕಳಿಸುತ್ತಾರೆ. ಬೆಂಗಳೂರಿನವರಿಗೆ ಹತ್ತಿರವಿರುವ ಟ್ರ್ಯಾಕ್‌ಗಳಲ್ಲಿ ಎರಡನ್ನು ಹೇಳಬಹುದು. ಒಂದು, ಚೆನ್ನೈ ಸಮೀಪ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿರುವ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ.

ಒಳ್ಳೆಯದೇನು?

ಭಾನುವಾರ ಬೆಳಕು ಹರಿಯುವ ಮುನ್ನ ನಂದಿಬೆಟ್ಟದ ದಾರಿಯಲ್ಲಿ ಬೈಕ್ ಓಡಿಸುವ ಹುಡುಗರನ್ನು ನೋಡಿರುತ್ತೀರಿ. ಅಲ್ಲಿ ಎದುರಿಗೆ ಲಾರಿ ಬರಬಹುದು, ಅಡ್ಡ ನಾಯಿ ಬರಬಹುದು, ತಿರುವಿನಲ್ಲಿ ಮರಳಿರಬಹುದು. ಟ್ರ್ಯಾಕಿನಲ್ಲಿ ಈ ಕಾಟವಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ. ಬಿದ್ದರೆ ಜಾರಿ ನಿಲ್ಲಲು ಅಂಚಿನಲ್ಲಿ ಖಾಲಿ ಜಾಗವಿರುತ್ತದೆ. ಹಳದಿ ಬಾವುಟ ಕಂಡರೆ ಎಚ್ಚರ, ಯಾರನ್ನೂ ಹಿಂದೆ ಹಾಕುವಂತಿಲ್ಲ. ಕೆಂಪು ಬಾವುಟ ಕಂಡರೆ ಎಲ್ಲರೂ ನಿಧಾನಿಸಿ ವಾಪಸು ಬರಬೇಕು.

ಬ್ರೇಕ್ ಎಲ್ಲಿ, ಎಷ್ಟು ಹಿಡಿಯಬೇಕು, ತಿರುವಿನಲ್ಲಿ ಕಣ್ಣು ಎಲ್ಲಿರಬೇಕು ಎಂಬುದನ್ನು ತರಬೇತುದಾರರಿಂದ ಕಲಿತರೆ ಅದು ಊರಿನ ರಸ್ತೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ, 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಇದು ಗಂಡುಮಕ್ಕಳ ಮಾತಷ್ಟೇ ಎಂದುಕೊಳ್ಳಬೇಡಿ. 2019ರಲ್ಲಿ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆ ನಮ್ಮ ಬೆಂಗಳೂರಿನ ಹುಡುಗಿಯೇ. ನಾಳೆ ಮಗಳೂ ಕೇಳಬಹುದು!

ಕೆಟ್ಟದ್ದೇನು?

ವೇಗ ಎಲ್ಲಿದ್ದರೂ ವೇಗವೇ. ಬಿದ್ದಾಗ ಕತ್ತಿನ ಬುಡದ ಮೂಳೆ, ಮಣಿಕಟ್ಟು ಮುರಿಯುವುದುಂಟು. ಬಿದ್ದವನ ಮೇಲೆ ಹಿಂದಿನ ಬೈಕ್ ಹಾಯುವ ಭಯವೂ ಇದೆ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಚೆನ್ನೈನ ಆ ಟ್ರ್ಯಾಕಿನಲ್ಲಿ ಬಿದ್ದು ಪ್ರಾಣ ಕಳೆದುಕೊಂಡ. ಅದು ಟ್ರ್ಯಾಕ್ ಡೇ ಅಲ್ಲ, ರಾಷ್ಟ್ರೀಯ ಚಾಂಪಿಯನ್‌ಷಿಪ್ ರೇಸ್. ಆದರೂ ಹೆತ್ತವರು ಮರೆಯುವ ಸಂಗತಿಯಲ್ಲ.

ಖರ್ಚೂ ಕಡಿಮೆಯಿಲ್ಲ. ಶುಲ್ಕದ ಜೊತೆಗೆ ಲೆದರ್ ಸೂಟ್, ಬೂಟು, ಪ್ರಯಾಣ, ಬೇಗ ಸವೆಯುವ ಟೈರು, ಬ್ರೇಕ್ ಪ್ಯಾಡು ಎಲ್ಲ ಸೇರುತ್ತವೆ. ಇನ್ನೊಂದು ಮುಖ್ಯ ವಿಷಯ: ಸಾಮಾನ್ಯ ಬೈಕ್ ವಿಮೆಯ ಷರತ್ತುಗಳಲ್ಲಿ ರೇಸ್, ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಅಲ್ಲಿ ಬೈಕ್ ಹಾಳಾದರೆ ರಿಪೇರಿ ದುಡ್ಡು ಕೈಯಿಂದಲೇ ಹೋಗುತ್ತದೆ ಎಂದಿಟ್ಟುಕೊಳ್ಳಿ. ಆಸ್ಪತ್ರೆ ಖರ್ಚಿನ ಪಾಲಿಸಿ ಇದಕ್ಕೆ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.

ಹೂಂ ಅನ್ನುವ ಮುನ್ನ ಕೇಳಿ

* ಅಂಬುಲೆನ್ಸ್, ವೈದ್ಯರು ದಿನವಿಡೀ ಟ್ರ್ಯಾಕಿನಲ್ಲೇ ಇರುತ್ತಾರಾ? ಹತ್ತಿರದ ದೊಡ್ಡ ಆಸ್ಪತ್ರೆ ಯಾವುದು?

* ಹೊಸಬರ ಗುಂಪು ಬೇರೆ ಇದೆಯಾ? ಹೇಳಿಕೊಡುವವರು ಇದ್ದಾರಾ?

* ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಲೆದರ್ ಸೂಟ್, ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಬೆನ್ನಿನ ಗಾರ್ಡ್ ಇವೆಯಾ? ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಬೇಡವೇ ಬೇಡ.

* ಟೈರು, ಬ್ರೇಕು, ಚೈನು ಮೆಕ್ಯಾನಿಕ್‌ಗೆ ತೋರಿಸಿದ್ದಾನಾ? ಎಣ್ಣೆ ಸೋರುತ್ತಿಲ್ಲ ತಾನೆ?

* ಸಂಘಟಕರು ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದಿದ್ದಾನಾ? ನೀವೂ ಒಮ್ಮೆ ಓದಿ.

* ಬರುವುದು ಹೇಗೆ? ದಿನವಿಡೀ ಬಿಸಿಲಲ್ಲಿ ಓಡಿಸಿ ದಣಿದವನು ರಾತ್ರಿಯೇ ಮುನ್ನೂರು ಕಿ.ಮೀ. ಬೈಕ್ ಓಡಿಸಿಕೊಂಡು ಬರಬಾರದು. ತಂಗಿದ್ದು ಮರುದಿನ ಬರಲಿ.

ಇವುಗಳಿಗೆ ನೇರ ಉತ್ತರ ಕೊಟ್ಟರೆ ಅವನು ಯೋಚಿಸಿದ್ದಾನೆ ಎಂದರ್ಥ. ‘ಅದೆಲ್ಲಾ ನೋಡ್ಕೊಳ್ತೀನಿ ಬಿಡಮ್ಮಾ’ ಅಂದರೆ ಈ ಸಲ ಬೇಡ ಅನ್ನಿ. ಸಾಲ ಮಾಡಿ ಹೋಗುವುದಾದರೂ ಬೇಡವೇ.

ಒಪ್ಪಿದರೂ ಒಂದು ಕರಾರು ಹಾಕಿ: ವೇಗದ ಆಸೆ ಟ್ರ್ಯಾಕಿನಲ್ಲೇ ತೀರಬೇಕು. ಅಲ್ಲಿಂದ ಬಂದ ಮೇಲೆ ರಿಂಗ್ ರೋಡಿನಲ್ಲಿ ಸಾಹಸ ತೋರಿಸಿದ್ದು ತಿಳಿದರೆ ಬೈಕ್ ಕೀ ನಿಮ್ಮ ಬೀರುವಿನಲ್ಲಿ. ತಿಂಗಳೊಂದು ಅವನು ಬೈಕ್ ಓಡಿಸುವ ರೀತಿ ಗಮನಿಸಿ. ಮೊದಲಿಗಿಂತ ನಿಧಾನವಾಗಿ, ನೋಡಿಕೊಂಡು ಓಡಿಸುತ್ತಿದ್ದರೆ ಕೊಟ್ಟ ದುಡ್ಡು ದಂಡವಾಗಿಲ್ಲ ಎಂದು ತಿಳಿಯಿರಿ.