ಗೇರು ಗುಡ್ಡದಿಂದ ಜಿನೀವಾದವರೆಗೆ

ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಹೆಚ್ಚಾಗಿ ಗುಡ್ಡಗಳ ಮೇಲಿವೆ. ಮನೆ, ಅಡಿಕೆತೋಟ, ಬಾವಿಗಳು ಕೆಳಗಿವೆ. ಗೇರಿನ ಚಿಗುರು ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಲಾಯಿತು. ಗಾಳಿಗೆ ತೇಲಿದ ಹನಿಗಳು ಮನೆಯಂಗಳಕ್ಕೆ ಬಿದ್ದವು. ಮಳೆನೀರಿನ ಜೊತೆ ತೋಡು, ನೀರಿನ ಸುರಂಗಗಳಿಗೆ ಇಳಿದವು. ಕರ್ನಾಟಕದ ಗಡಿಗೆ ಹತ್ತಿರದ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ಮೋಹನ ಕುಮಾರ್ ಅಸಹಜ ಕಾಯಿಲೆಗಳನ್ನು ಗುರುತಿಸಿದರು; ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಸಿಂಪಡಣೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಸಂತ್ರಸ್ತರ ಅಹವಾಲುಗಳು ಬಂದು ಸೇರುವುದು ಕಾಸರಗೋಡಿನ ವಿದ್ಯಾನಗರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೆ.

ಗಡಿಯ ಆಚೆಗೂ ಇದೇ ಕತೆ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಮುತ್ತ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಿಗೂ ಇದೇ ಔಷಧಿ ಬಿದ್ದಿತ್ತು. ಕೇರಳದಲ್ಲಿ 2005ರಲ್ಲಿ ಬಳಕೆಗೆ ನಿಷೇಧ ಬಂದರೆ, ಕರ್ನಾಟಕ ನಿಷೇಧ ಹೇರಿದ್ದು 2011ರ ಫೆಬ್ರವರಿಯಲ್ಲಿ. ಒಂದು ಕಡೆ ನಿಷೇಧವಾದದ್ದು ಪಕ್ಕದ ಪೇಟೆಯಲ್ಲಿ ಸಿಗುವಂತಿದ್ದರೆ ಗಡಿನಾಡಿನಲ್ಲಿ ಆ ನಿಷೇಧ ಅರ್ಧಂಬರ್ಧವೇ.

ರಾಷ್ಟ್ರಗಳ ನಡುವೆಯೂ ಇದೇ ತೊಡಕಿದೆ. ಎಂಡೋಸಲ್ಫಾನ್ ಬಿಸಿ ನಾಡಿನಲ್ಲಿ ಆವಿಯಾಗಿ ಮೇಲೇರುತ್ತದೆ, ತಂಪು ಸೀಮೆ ತಲುಪಿದಾಗ ಕೆಳಗಿಳಿಯುತ್ತದೆ. ಅದನ್ನು ಎಂದೂ ಬಳಸದ ಉತ್ತರ ಧ್ರುವ ಪ್ರದೇಶದಲ್ಲೂ ಅದರ ಅಂಶ ಸಿಕ್ಕಿದೆ. ಬೇಗ ಕರಗದೆ ದೂರ ಸಾಗುವ, ಜೀವಿಗಳ ಮೈಯಲ್ಲಿ ಶೇಖರವಾಗುವ ಇಂಥ ರಾಸಾಯನಿಕಗಳಿಗಾಗಿಯೇ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. 2004ರಲ್ಲಿ ಅದು ಜಾರಿಗೆ ಬಂತು. 2006ರಲ್ಲಿ ಭಾರತ ಅನುಮೋದಿಸಿತು. ಇಂದು 180ಕ್ಕೂ ಹೆಚ್ಚು ಸದಸ್ಯರಿದ್ದಾರೆ.

ಡಿಡಿಟಿ, ಆಲ್ಡ್ರಿನ್ ಮುಂತಾದ 12 ವಸ್ತುಗಳಿಂದ ಒಪ್ಪಂದದ ನಿಯಂತ್ರಣ ಪಟ್ಟಿ ಶುರುವಾಯಿತು. ಹೊಸದನ್ನು ಸೇರಿಸಬೇಕಾದರೆ ಯಾರಾದರೂ ಸದಸ್ಯರು ಹೆಸರು ಸೂಚಿಸಬೇಕು. ಆ ವಸ್ತು ಎಷ್ಟು ಕಾಲ ಉಳಿಯುತ್ತದೆ, ಎಷ್ಟು ದೂರ ಹೋಗುತ್ತದೆ, ಎಷ್ಟು ಅಪಾಯಕಾರಿ, ಬದಲಿ ಏನಿದೆ ಎಂಬುದನ್ನು ತಜ್ಞರ ಸಮಿತಿ ಹಂತಹಂತವಾಗಿ ಪರಿಶೀಲಿಸುತ್ತದೆ. ಎಂಡೋಸಲ್ಫಾನಿನ ಹೆಸರನ್ನು ಯುರೋಪಿಯನ್ ಒಕ್ಕೂಟ 2007ರಲ್ಲಿ ಸೂಚಿಸಿತು. ದೊಡ್ಡ ಉತ್ಪಾದಕನೂ ಬಳಕೆದಾರನೂ ಆಗಿದ್ದ ಭಾರತ ಬಹುಕಾಲ ವಿರೋಧಿಸಿತು. ಕಡೆಗೆ 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಒಮ್ಮತ ಮೂಡಿತು: ಎಂಡೋಸಲ್ಫಾನ್ ಪಟ್ಟಿಗೆ ಸೇರಿತು, ಕೆಲವು ಬೆಳೆಗಳಿಗೆ ಮಾತ್ರ ನಿಗದಿತ ಅವಧಿಯ ವಿನಾಯಿತಿ ಸಿಕ್ಕಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ನೀಡಿತು.

ಒಪ್ಪಂದ ಮುಂದಿನ ಬಳಕೆಯನ್ನು ತಡೆಯುತ್ತದೆ. ಆಗಿಹೋದ ಹಾನಿಗೆ ಪರಿಹಾರ ಕೊಡುವ ಹೊಣೆ ಸರಕಾರಗಳದ್ದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಕರ್ನಾಟಕದಲ್ಲಿ ಕೊಕ್ಕಡ, ಕೊಯಿಲಗಳಲ್ಲಿ ಸಂತ್ರಸ್ತರಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಹಳೆಯ ದಾಸ್ತಾನಿನ ವಿಲೇವಾರಿಯೂ ಒಪ್ಪಂದದ ಭಾಗವೇ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನನ್ನು 2012ರಲ್ಲಿ ಸೋರುವ ಪೀಪಾಯಿಗಳಿಂದ ಹೊಸ ಪೀಪಾಯಿಗಳಿಗೆ ತುಂಬಲಾಯಿತು.